ಕೊಳೆರೋಗದ ಅಧ್ಯಯನವನ್ನು ಪೋಸ್ಟರ್‌ಗೆ ಇಳಿಸಿದ ಬಗೆ

ಸಸ್ಯರೋಗಶಾಸ್ತ್ರದ ರಾಷ್ಟ್ರೀಯ ಸಮ್ಮೇಳನವೊಂದಕ್ಕೆ ಕಳುಹಿಸಿದ್ದ ನನ್ನ ಸಾರಾಂಶ ಪೋಸ್ಟರ್ ಮಂಡನೆಗೆ ಆಯ್ಕೆಯಾಗಿದೆ ಎಂಬ ಪತ್ರ ಬಂದಾಗ, ನಮ್ಮ ವಿಭಾಗದ ಕೆಲವರು "ಮೌಖಿಕ ಮಂಡನೆ ಸಿಗಲಿಲ್ಲವೇ?" ಎಂದು ಅನುಕಂಪದಿಂದಲೇ ವಿಚಾರಿಸಿದರು. ವೇದಿಕೆ ಸಿಗದವರಿಗೆ ಕೊಡುವ ಸಮಾಧಾನದ ಬಹುಮಾನವೇ ಪೋಸ್ಟರ್ ಎಂಬ ಭಾವನೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬಹಳ ಕಾಲದಿಂದ ಬೇರೂರಿದೆ. ಅದನ್ನು ನಾನು ಒಪ್ಪುವುದಿಲ್ಲ. ವೇದಿಕೆಯಲ್ಲಿ ಹತ್ತು ನಿಮಿಷ ಮಾತನಾಡಿ ಇಳಿದವರಿಗೆ, ಅಧ್ಯಕ್ಷರು ಗಡಿಯಾರ ನೋಡುತ್ತಿರುವಾಗಲೇ, ಒಂದೆರಡು ಪ್ರಶ್ನೆಗಳು ಬರುತ್ತವೆ. ಪೋಸ್ಟರ್ ಪಕ್ಕದಲ್ಲಿ ನಿಂತವರಿಗಾದರೋ ತಮ್ಮ ವಿಷಯವನ್ನು ಬಲ್ಲವರೊಡನೆ ಎದುರುಬದುರಾಗಿ, ಬೆರಳಿಟ್ಟು ತೋರಿಸುತ್ತ, ಅಧಿವೇಶನ ಮುಗಿಯುವವರೆಗೂ ಚರ್ಚಿಸುವ ಅವಕಾಶವಿರುತ್ತದೆ. ಈ ಪದ್ಧತಿ ಬೆಳೆದಿದ್ದೂ ಅದಕ್ಕಾಗಿಯೇ. 1960ರ ದಶಕದ ಕೊನೆಯ ಹೊತ್ತಿಗೆ ಯೂರೋಪಿನ ಜೀವರಸಾಯನ ವಿಜ್ಞಾನಿಗಳ ಸಭೆಗಳಲ್ಲಿ ಮಂಡಿಸಬೇಕಾದ ಪ್ರಬಂಧಗಳು ಸಮಯಕ್ಕೆ ಮೀರಿ ಹೆಚ್ಚಿದ್ದವು. ಅಧ್ಯಯನದ ಸಾರವನ್ನು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚಿ ಅದರ ಮುಂದೆಯೇ ನಿಂತು ಮಾತನಾಡುವ ಕ್ರಮ ಆಗ ಬಳಕೆಗೆ ಬಂದಿತು. 1974ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಸೇರಿದ ಜೀವರಸಾಯನ ಮತ್ತು ಜೀವಭೌತ ವಿಜ್ಞಾನಿಗಳ ಸಭೆಯ ನಂತರ ಅದು ಅಲ್ಲಿಯೂ ಹರಡಿತು. ಈ ಹಿನ್ನೆಲೆ ತಿಳಿದ ಮೇಲೆ ನಾನು ಪೋಸ್ಟರನ್ನು ಪ್ರಬಂಧದ ಸಂಕ್ಷಿಪ್ತ ರೂಪವೆಂದು ನೋಡುವುದನ್ನು ಬಿಟ್ಟು, ನಡೆಯಬೇಕಾದ ಒಂದು ಮಾತುಕತೆಗೆ ಸಿದ್ಧತೆಯೆಂದು ನೋಡತೊಡಗಿದೆ. ಮುಂದಿನ ಎಲ್ಲ ತೀರ್ಮಾನಗಳೂ ಅದರಿಂದಲೇ ಹೊರಟವು.

ನನ್ನ ಅಧ್ಯಯನ ಅಡಿಕೆಯ ಕೊಳೆರೋಗದ್ದು. ಮಲೆನಾಡು ಮತ್ತು ಕರಾವಳಿಯ ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದ ಮಳೆ, ನಡುನಡುವೆ ತುಸು ಬಿಸಿಲು, ತಂಪು ಹವೆ ಕೂಡಿಬಂದಾಗ ಎಳೆಗಾಯಿಯ ತೊಟ್ಟಿನ ಬಳಿ ನೀರು ಕುಡಿದಂಥ ಕಡುಹಸಿರು ಕಲೆ ಮೂಡುತ್ತದೆ. ಕಾಯಿ ಹೊಳಪು ಕಳೆದುಕೊಂಡು ಉದುರುತ್ತದೆ. ನೆಲಕ್ಕೆ ಬಿದ್ದ ಕಾಯಿಯ ಮೈಮೇಲೆ ಬಿಳಿಯ ಬೂಷ್ಟು ಹಬ್ಬುತ್ತದೆ. ಇದಕ್ಕೆ ಕಾರಣವಾಗುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ನೀರಿನಲ್ಲಿ ಈಜುವಂಥವು, ಮಳೆಹನಿಯ ಸಿಡಿತದಿಂದ ಗೊನೆಯಿಂದ ಗೊನೆಗೆ ಹರಡುವಂಥವು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿಯೇ ಈ ರೋಗದ ಬಗ್ಗೆ ವರದಿ ಪ್ರಕಟಿಸಿದ್ದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿಸಿ ತಯಾರಿಸುವ ಶೇ 1ರ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮೊದಲು ಒಮ್ಮೆ, ಆಮೇಲೆ 40ರಿಂದ 45 ದಿನಗಳಿಗೆ ಮತ್ತೊಮ್ಮೆ ಗೊನೆಗಳಿಗೆ ಸಿಂಪಡಿಸಬೇಕು ಎಂಬ ಶಿಫಾರಸು ಎಲ್ಲರಿಗೂ ಗೊತ್ತು. ಆದರೆ ಮರ ಹತ್ತುವ ಕೊನೆಗಾರರು ಸಿಗುವುದು ತಡವಾಗುತ್ತದೆ, ಮಳೆ ಬೇಗ ಬರುತ್ತದೆ, ಮೊದಲ ಔಷಧಿ ಹೊಡೆಯುವಷ್ಟರಲ್ಲಿ ಆಗಲೇ ತೋಟ ತೊಯ್ದಿರುತ್ತದೆ. ಹೀಗೆ ತಡವಾದಾಗ ಆಗುವ ನಷ್ಟ ಯಾವುದಕ್ಕೆ ತಕ್ಕಂತೆ ಏರುತ್ತದೆ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಕೈಯಲ್ಲಿದ್ದ ಮಾಹಿತಿ ಬೆಟ್ಟದಷ್ಟು. ಕೆಲವು ಮಳೆಗಾಲಗಳ ಕಾಯಿ ಎಣಿಕೆ, ಸಿಂಪರಣೆಯ ದಿನಾಂಕಗಳು, ಮಳೆಯ ದಾಖಲೆ, ತೋಟದ ಇಳಿಜಾರು, ಮರದ ವಯಸ್ಸು, ಪ್ರಯೋಗಾಲಯದಲ್ಲಿ ಬೆಳೆಸಿದ ರೋಗಾಣುವಿನ ಚಿತ್ರಗಳು ಎಲ್ಲವೂ ಇದ್ದವು. ಎಲ್ಲವನ್ನೂ ಹಾಕುವ ಆಸೆ ನನಗೂ ಇತ್ತು. ಕಷ್ಟಪಟ್ಟು ಕಲೆಹಾಕಿದ ಅಂಕಿಯನ್ನು ಬಿಡುವುದು ಯಾವ ಸಂಶೋಧನಾ ವಿದ್ಯಾರ್ಥಿಗೂ ಸುಲಭವಲ್ಲ. ನಮ್ಮ ಮಾರ್ಗದರ್ಶಕರು ಯಾವ ಕಡತವನ್ನೂ ತೆರೆಯದೆ ಒಂದೇ ಮಾತು ಹೇಳಿದರು: "ನೋಡಮ್ಮ, ಆ ತೋಟದ ಯಜಮಾನರು ನಿನ್ನನ್ನ ನಿಲ್ಲಿಸಿ, ಇಷ್ಟು ವರ್ಷ ಕಾಯಿ ಎಣಿಸಿದ್ರಲ್ಲ, ಏನು ಗೊತ್ತಾಯ್ತು ಅಂತ ಕೇಳಿದ್ರೆ ಏನು ಹೇಳ್ತೀಯೋ, ಅದನ್ನ ಮೊದಲು ಒಂದು ಸಾಲಿನಲ್ಲಿ ಬರಿ. ಪೋಸ್ಟರ್ ಆಮೇಲೆ ಮಾಡು."

ಆ ಒಂದು ಸಾಲು ಬರೆಯುವುದು ಇಡೀ ಕೆಲಸದಲ್ಲಿ ಅತ್ಯಂತ ಕಠಿಣವಾದ ಭಾಗವಾಯಿತು. ಸಾರಾಂಶಕ್ಕೆ ನಾವು ಕೊಟ್ಟಿದ್ದ ಶೀರ್ಷಿಕೆ ನಮ್ಮಲ್ಲಿ ರೂಢಿಯಲ್ಲಿರುವಂಥದೇ ಆಗಿತ್ತು: "ಮಲೆನಾಡು ಪ್ರದೇಶದಲ್ಲಿ ಅಡಿಕೆ ಕೊಳೆರೋಗದ ನಿರ್ವಹಣೆಯಲ್ಲಿ ಬೋರ್ಡೋ ಸಿಂಪರಣೆಯ ಸಮಯ ಹಾಗೂ ಮಳೆಯ ಹಂಚಿಕೆಯ ಪ್ರಭಾವದ ಅಧ್ಯಯನ" ಎಂಬರ್ಥದ ಉದ್ದನೆಯ ಇಂಗ್ಲಿಷ್ ಸಾಲು. ಅದನ್ನು ಓದಿದವರಿಗೆ ನಾವು ಏನು ಮಾಡಿದೆವು ಎಂಬುದು ತಿಳಿಯುತ್ತದೆ, ಏನು ಕಂಡೆವು ಎಂಬುದು ತಿಳಿಯುವುದಿಲ್ಲ. ಸಾಲುಗಟ್ಟಿ ನಿಂತ ನೂರಾರು ಫಲಕಗಳ ನಡುವೆ ಚಹಾ ಲೋಟ ಹಿಡಿದು ನಡೆದುಹೋಗುವವರು ಶೀರ್ಷಿಕೆಯನ್ನು ಮಾತ್ರ ಓದುತ್ತಾರೆ. ಮುಖ್ಯ ಮಾತು ಅಲ್ಲಿಯೇ ಇದ್ದರೆ, ನಿಲ್ಲದೆ ಹೋದವರೂ ಅದನ್ನು ತಿಳಿದುಕೊಂಡೇ ಹೋಗುತ್ತಾರೆ. ಕಂಡದ್ದನ್ನೇ ಶೀರ್ಷಿಕೆಯಾಗಿಸಬೇಕೆಂದು ಕುಳಿತಾಗ, ಕಂಡದ್ದು ಏನೆಂದು ನನಗೇ ಇನ್ನೂ ಚೊಕ್ಕವಾಗಿ ಹೇಳಲು ಬರುತ್ತಿಲ್ಲ ಎಂಬುದು ಅರಿವಾಯಿತು. "ಬೇಗ ಹೊಡೆದರೆ ಒಳ್ಳೆಯದು" ಎಂಬುದು ಶಿಫಾರಸಿನಲ್ಲಿ ಮೊದಲಿನಿಂದಲೂ ಇರುವ ಮಾತು. ಅದಕ್ಕೆ ನನ್ನ ಅಂಕಿಗಳು ಏನನ್ನು ಸೇರಿಸುತ್ತವೆ ಎಂಬುದನ್ನು ಹೇಳಬೇಕಿತ್ತು.

ಉತ್ತರ ದೊರೆತದ್ದು ಒಂದು ಚಿತ್ರವನ್ನು ಮತ್ತೆ ಬರೆಯುವಾಗ. ಪ್ರಬಂಧದ ಕರಡಿನಲ್ಲಿ ಪ್ರತಿ ವರ್ಷಕ್ಕೂ ಪ್ರತ್ಯೇಕ ರೇಖಾಚಿತ್ರವಿತ್ತು. ಅಡ್ಡ ಅಕ್ಷದಲ್ಲಿ ಮೊದಲ ಸಿಂಪರಣೆಯ ದಿನಾಂಕ, ಉದ್ದ ಅಕ್ಷದಲ್ಲಿ ಉದುರಿದ ಕಾಯಿಗಳ ಶೇಕಡಾವಾರು. ಒಂದೊಂದು ವರ್ಷದ ಚಿತ್ರ ಒಂದೊಂದು ತರಹ ಕಾಣುತ್ತಿತ್ತು: ಒಂದರಲ್ಲಿ ಜೂನ್ ಮಧ್ಯಭಾಗದ ಸಿಂಪರಣೆಯೂ ತಡವೆನಿಸಿದರೆ, ಇನ್ನೊಂದರಲ್ಲಿ ಜೂನ್ ಕೊನೆಯದೂ ಸಕಾಲವೆನಿಸುತ್ತಿತ್ತು. ಪೋಸ್ಟರ್‌ನಲ್ಲಿ ಅಷ್ಟೊಂದು ಚಿತ್ರಗಳಿಗೆ ಜಾಗವಿರಲಿಲ್ಲ. ಎಲ್ಲ ವರ್ಷಗಳನ್ನೂ ಒಂದೇ ಚಿತ್ರದಲ್ಲಿ ಕೂರಿಸುವುದು ಹೇಗೆಂದು ಯೋಚಿಸುತ್ತ, ಅಡ್ಡ ಅಕ್ಷದಿಂದ ದಿನಾಂಕವನ್ನು ತೆಗೆದು, ಮುಂಗಾರು ಆರಂಭವಾದಂದಿನಿಂದ ಮೊದಲ ಸಿಂಪರಣೆಯವರೆಗೆ ಆ ತೋಟದ ಮೇಲೆ ಬಿದ್ದ ಒಟ್ಟು ಮಳೆಯನ್ನು ಇಟ್ಟು ನೋಡಿದೆ. ಚದುರಿದಂತಿದ್ದ ಬಿಂದುಗಳು ಬಹುಮಟ್ಟಿಗೆ ಒಂದೇ ಏರುಗೆರೆಯ ಸುತ್ತ ಬಂದು ಸೇರಿದವು. ನಮ್ಮ ತೋಟಗಳ ಮಟ್ಟಿಗೆ ನಷ್ಟವನ್ನು ಅಳೆಯಬೇಕಾದದ್ದು ಕ್ಯಾಲೆಂಡರಿನಿಂದಲ್ಲ, ಸಿಂಪರಣೆಗೆ ಮೊದಲು ಗೊನೆಯ ಮೇಲೆ ಸುರಿದ ಮಳೆಯಿಂದ ಎಂಬುದು ಆಗ ಕಣ್ಣಿಗೆ ಕಟ್ಟುವಂತೆ ಕಂಡಿತು. ಆ ಚಿತ್ರವೇ ಪೋಸ್ಟರ್‌ನ ನಡುಭಾಗವಾಯಿತು, ಅದರ ಅರ್ಥವೇ ಶೀರ್ಷಿಕೆಯಾಯಿತು. ಜಾಗದ ಇಕ್ಕಟ್ಟು ಇರದಿದ್ದರೆ ಆ ಅಕ್ಷವನ್ನು ಬದಲಿಸುವ ಯೋಚನೆ ನನಗೆ ಹೊಳೆಯುತ್ತಿತ್ತೆಂದು ಹೇಳಲಾರೆ. ಪೋಸ್ಟರ್ ಮಾಡುವುದನ್ನು ಸಂಶೋಧನೆ ಮುಗಿದ ಮೇಲಿನ ಅಲಂಕಾರದ ಕೆಲಸವೆಂದು ಭಾವಿಸುವವರಿಗೆ ನಾನು ಈ ಸಂಗತಿಯನ್ನೇ ಹೇಳುತ್ತೇನೆ.

ಶೀರ್ಷಿಕೆ ಮತ್ತು ಚಿತ್ರ ನಿಶ್ಚಯವಾದ ನಂತರ ಉಳಿದದ್ದನ್ನು ಬಿಡುವುದು ಸುಲಭವಾಯಿತು. ಪ್ರತಿಯೊಂದನ್ನೂ ಎತ್ತಿ, ಇದು ಇಲ್ಲದಿದ್ದರೆ ಆ ಚಿತ್ರವನ್ನು ನಂಬಲು ಯಾರಿಗಾದರೂ ತೊಂದರೆಯಾಗುತ್ತದೆಯೇ ಎಂದು ಕೇಳಿಕೊಂಡೆ. ಮರದ ವಯಸ್ಸಿನ ಕೋಷ್ಟಕ ಹೋಯಿತು. ರೋಗಾಣು ಬೆಳೆಸಿದ ತಟ್ಟೆಗಳ ಸಾಲು ಹೋಯಿತು. ನಮ್ಮ ಕೃಷಿ ವಿಜ್ಞಾನದ ಪೋಸ್ಟರ್‌ಗಳಲ್ಲಿ ತಪ್ಪದೆ ಕಾಣುವ, ಪ್ರತಿ ಅಂಕಿಯ ತಲೆಯ ಮೇಲೆ ಎ, ಬಿ, ಸಿ ಅಕ್ಷರಗಳನ್ನು ಹೊತ್ತು ಕೊನೆಯ ಸಾಲಿನಲ್ಲಿ ಸಿ.ಡಿ. ಮೌಲ್ಯವನ್ನು (ಎರಡು ಅಂಕಿಗಳ ವ್ಯತ್ಯಾಸ ಆಕಸ್ಮಿಕವಲ್ಲವೆನ್ನಲು ಬೇಕಾದ ಕನಿಷ್ಠ ಅಂತರ) ಇಟ್ಟುಕೊಂಡ ದೊಡ್ಡ ಕೋಷ್ಟಕವನ್ನೂ ತೆಗೆದೆ. ಆ ಕೋಷ್ಟಕ ಅಗತ್ಯವಿಲ್ಲವೆಂದು ಇದರ ಅರ್ಥವಲ್ಲ. ಲೆಕ್ಕದ ವಿವರ ಕೇಳುವವರು ಬಂದೇ ಬರುತ್ತಾರೆಂದು ಅದನ್ನು ಎ4 ಹಾಳೆಯಲ್ಲಿ ಮುದ್ರಿಸಿ ಕೈಯಲ್ಲಿಟ್ಟುಕೊಂಡೆ, ಕೇಳಿದವರಿಗೆ ಅದು ಬಹಳ ಉಪಯೋಗಕ್ಕೂ ಬಂದಿತು. ಪೋಸ್ಟರ್ ಮೇಲೆ ಉಳಿಸಿದ ಲೆಕ್ಕವೆಂದರೆ ಎಷ್ಟು ತೋಟ, ತೋಟಕ್ಕೆ ಎಷ್ಟು ಮರ, ಎಣಿಸಿದ ಕ್ರಮ ಮತ್ತು ಪ್ರತಿ ಬಿಂದು ಎಷ್ಟು ಹೆಚ್ಚುಕಡಿಮೆಯಾಗಬಹುದೆಂದು ತೋರಿಸುವ ದೋಷರೇಖೆ. ಇವನ್ನು ಬಿಟ್ಟರೆ ಬಲ್ಲವರು ಚಿತ್ರವನ್ನು ನಂಬುವುದಿಲ್ಲ, ನಂಬಲೂಬಾರದು.

ಅಕ್ಷರದ ಗಾತ್ರದ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡಬಾರದೆಂದು ಹೇಳುವವಳು. ಸಂಘಟಕರು ಕೊಟ್ಟ ಫಲಕದ ಅಳತೆ 90 ಸೆಂಟಿಮೀಟರ್ ಅಗಲ, 120 ಸೆಂಟಿಮೀಟರ್ ಎತ್ತರ. ಅದರಲ್ಲಿ 841 ಮಿಲಿಮೀಟರ್ ಅಗಲ, 1189 ಮಿಲಿಮೀಟರ್ ಎತ್ತರದ ಎ0 ಹಾಳೆ ಉದ್ದುದ್ದಕ್ಕೆ ಸರಿಯಾಗಿ ಕೂರುತ್ತದೆ. ಈ ಅಳತೆಯನ್ನು ಮೊದಲೇ ಖಚಿತಪಡಿಸಿಕೊಂಡು, ತಂತ್ರಾಂಶದಲ್ಲಿ ಪುಟವನ್ನು ನಿಜ ಅಳತೆಗೇ ಹೊಂದಿಸಿ ಕೆಲಸ ಆರಂಭಿಸಬೇಕು. ಚಿಕ್ಕ ಪುಟದಲ್ಲಿ ಮಾಡಿ ಕೊನೆಗೆ ಹಿಗ್ಗಿಸಿದರೆ ಚಿತ್ರಗಳು ಮಸುಕಾಗುತ್ತವೆ. ಶೀರ್ಷಿಕೆಗೆ 90 ಪಾಯಿಂಟ್, ಉಪಶೀರ್ಷಿಕೆಗಳಿಗೆ 48, ವಿವರಣೆಗೆ 30, ಚಿತ್ರದ ಅಡಿಬರಹಕ್ಕೆ 24 ಎಂದು ನಿಗದಿಪಡಿಸಿಕೊಂಡೆ. ಜಾಗ ಸಾಲದೆ ಬಂದಾಗಲೆಲ್ಲ ಅಕ್ಷರವನ್ನು ಕುಗ್ಗಿಸದೆ ಮಾತನ್ನೇ ಕುಗ್ಗಿಸಿದೆ. ಇದನ್ನು ಪರೀಕ್ಷಿಸಲು ಒಂದು ನಂಬಿಕಸ್ತ ವಿಧಾನವಿದೆ. ಎ0 ಪುಟವನ್ನು ಎ4 ಹಾಳೆಗೆ ಇಳಿಸಿ ಮುದ್ರಿಸಿದರೆ ಅಗಲ ಎತ್ತರಗಳೆರಡೂ ಸರಿಯಾಗಿ ಕಾಲುಭಾಗವಾಗುತ್ತವೆ, 24 ಪಾಯಿಂಟಿನ ಅಕ್ಷರ 6 ಪಾಯಿಂಟಿಗೆ ಬರುತ್ತದೆ. ಆ ಹಾಳೆಯನ್ನು ಕೈಯಲ್ಲಿ ಹಿಡಿದು ಶ್ರಮವಿಲ್ಲದೆ ಓದಲು ಬಂದರೆ, ಒಂದೂವರೆ ಮೀಟರ್ ದೂರದಲ್ಲಿ ನಿಂತವರಿಗೆ ದೊಡ್ಡ ಪೋಸ್ಟರ್ ಕೂಡ ಓದಲು ಬರುತ್ತದೆ. ನಾನು ಆ ಹಾಳೆಯನ್ನು ವಿಭಾಗದ ಹಿರಿಯ ಸಹಾಯಕರೊಬ್ಬರಿಗೆ ಕೊಟ್ಟು ಓದಿಸಿದೆ; ಕನ್ನಡಕವನ್ನು ಹಣೆಗೇರಿಸಿಕೊಳ್ಳದೆ ಅವರು ಕೊನೆಯ ಸಾಲಿನವರೆಗೂ ಓದಿದ ಮೇಲೆಯೇ ನನಗೆ ಸಮಾಧಾನವಾಯಿತು.

ಬಣ್ಣದ ಬಗ್ಗೆ ಒಂದಿಷ್ಟು ಹೇಳಲೇಬೇಕು. ಸಸ್ಯರೋಗದ ಚಿತ್ರಗಳಲ್ಲಿ ರೋಗಕ್ಕೆ ಕೆಂಪು, ಆರೋಗ್ಯಕ್ಕೆ ಹಸಿರು ಬಳಿಯುವುದು ನಮ್ಮ ಕೈಗೆ ಅಭ್ಯಾಸವಾಗಿಬಿಟ್ಟಿದೆ. ಹುಟ್ಟಿನಿಂದ ಬರುವ ಬಣ್ಣಗುರುಡಿನಲ್ಲಿ ಅತಿ ಸಾಮಾನ್ಯವಾದದ್ದು ಈ ಎರಡು ಬಣ್ಣಗಳನ್ನು ಬೇರ್ಪಡಿಸಲಾಗದಿರುವುದು. ಯೂರೋಪ್ ಮೂಲದ ಗಂಡಸರಲ್ಲಿ ಸುಮಾರು ಶೇ 8 ಮಂದಿಗೆ ಇದು ಇರುತ್ತದೆ, ನಮ್ಮಲ್ಲಿ ಅದಕ್ಕಿಂತ ಕಡಿಮೆಯಾದರೂ ವಿರಳವಲ್ಲ. ಜಪಾನಿನ ಮಸಾತಾಕ ಒಕಾಬೆ ಮತ್ತು ಕೇಯ್ ಇಟೊ ಎಂಬ ವಿಜ್ಞಾನಿಗಳು ಎಲ್ಲರ ಕಣ್ಣಿಗೂ ಬೇರೆಬೇರೆಯಾಗಿ ಕಾಣುವ ಎಂಟು ಬಣ್ಣಗಳ ಒಂದು ಗುಂಪನ್ನು ಸೂಚಿಸಿದ್ದಾರೆ. ಅದರಿಂದ ನೀಲಿ ಮತ್ತು ಕಿತ್ತಳೆಗೆಂಪನ್ನು ಆರಿಸಿಕೊಂಡು, ಮೊದಲು ಸಿಂಪಡಿಸಿದ ತೋಟಗಳಿಗೆ ಒಂದನ್ನು, ತಡವಾದವುಗಳಿಗೆ ಇನ್ನೊಂದನ್ನು ಕೊಟ್ಟೆ. ಬಿಂದುಗಳ ಆಕಾರವನ್ನೂ ಬೇರೆ ಮಾಡಿದ್ದರಿಂದ ಕಪ್ಪುಬಿಳುಪಿನಲ್ಲಿ ಮುದ್ರಿಸಿದರೂ ಚಿತ್ರ ಅರ್ಥವಾಗುತ್ತಿತ್ತು. ಬಣ್ಣದ ವಿವರಣೆಯ ಪೆಟ್ಟಿಗೆಯನ್ನು ಮೂಲೆಯಲ್ಲಿಡದೆ, ಗೆರೆಗಳ ಪಕ್ಕದಲ್ಲಿಯೇ ಅವುಗಳ ಹೆಸರು ಬರೆದೆ. ಹಿನ್ನೆಲೆಯಾಗಿ ಅಡಿಕೆ ತೋಟದ ಫೋಟೋ ಹಾಕಬೇಕೆಂದು ಗೆಳತಿಯರು ಒತ್ತಾಯಿಸಿದರು. ಫೋಟೋದ ಮೇಲೆ ಬರೆದ ಅಕ್ಷರ ಓದಲು ಹಿಂಸೆಯಾಗುವುದರಿಂದ ಬಿಳಿ ಹಿನ್ನೆಲೆಯನ್ನೇ ಉಳಿಸಿಕೊಂಡೆ.

ಫೋಟೋಗಳು ಎರಡೇ: ಕಲೆ ಮೂಡುತ್ತಿರುವ ಗೊನೆ, ನೆಲದ ಮೇಲೆ ಬೂಷ್ಟು ಹಿಡಿದ ಕಾಯಿ. ರೈತರು ವಾಟ್ಸಾಪ್‌ನಲ್ಲಿ ಕಳುಹಿಸಿದ ಒಳ್ಳೊಳ್ಳೆಯ ಫೋಟೋಗಳು ಸಾಕಷ್ಟಿದ್ದವು, ಆದರೆ ಅಲ್ಲಿ ಹಾದು ಬರುವಾಗ ಫೋಟೋ ಕುಗ್ಗಿರುತ್ತದೆ. 20 ಸೆಂಟಿಮೀಟರ್ ಅಗಲಕ್ಕೆ ಸ್ಪಷ್ಟವಾಗಿ ಮುದ್ರಿಸಲು ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಸುಮಾರು 2,360 ಪಿಕ್ಸೆಲ್ ಬೇಕಾಗುತ್ತದೆ. ಆದ್ದರಿಂದ ತೋಟದವರಿಗೆ ಫೋನ್ ಮಾಡಿ, ಅದೇ ಫೋಟೋವನ್ನು ಡಾಕ್ಯುಮೆಂಟ್ ರೂಪದಲ್ಲಿ ಮತ್ತೆ ಕಳುಹಿಸಿಕೊಡಿ ಎಂದು ಕೇಳಿದೆ, ಬಳಸಲು ಅನುಮತಿಯನ್ನೂ ಪಡೆದೆ. ಅವರ ಹೆಸರನ್ನು ಕೃತಜ್ಞತೆಯ ಸಾಲಿನಲ್ಲಿ ಅವರು ಹೇಳಿದಂತೆಯೇ ಹಾಕಿದೆ.

ಇದೇ ಸಮಯದಲ್ಲಿ ಪೋಸ್ಟರ್‌ನ ವಿನ್ಯಾಸದ ಬಗ್ಗೆ ನಡೆದಿರುವ ಒಂದು ದೊಡ್ಡ ಚರ್ಚೆಯನ್ನೂ ಓದಿಕೊಂಡೆ. 2019ರಲ್ಲಿ ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನದ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಮೈಕ್ ಮಾರಿಸನ್ ಒಂದು ಹೊಸ ಮಾದರಿಯನ್ನು ಮುಂದಿಟ್ಟರು. ನಡುವೆ ಮುಖ್ಯ ಫಲಿತಾಂಶವನ್ನು ಸರಳ ಭಾಷೆಯಲ್ಲಿ ಬಹಳ ದೊಡ್ಡ ಅಕ್ಷರಗಳಲ್ಲಿ ಬರೆದು, ಎಡಪಟ್ಟಿಯಲ್ಲಿ ಅಧ್ಯಯನದ ಸಂಕ್ಷೇಪವನ್ನು, ಬಲಪಟ್ಟಿಯಲ್ಲಿ ಹೆಚ್ಚುವರಿ ಕೋಷ್ಟಕಗಳನ್ನು ಇಡುವುದು, ಪೂರ್ಣ ಪ್ರಬಂಧಕ್ಕೆ ಕ್ಯೂಆರ್ ಕೋಡ್ ಕೊಡುವುದು ಅದರ ಕ್ರಮ. ಅದು ಜಗತ್ತಿನಾದ್ಯಂತ ಬಹಳ ಬೇಗ ಹರಡಿತು, ಅಷ್ಟೇ ಬೇಗ ಟೀಕೆಗೂ ಒಳಗಾಯಿತು. ನಡುವಿನ ಜಾಗವನ್ನೆಲ್ಲ ಒಂದು ವಾಕ್ಯ ನುಂಗಿದರೆ ಅದಕ್ಕೆ ಆಧಾರವಾದ ಚಿತ್ರ ಮೂಲೆಗೆ ಸರಿಯುತ್ತದೆ ಎಂಬ ಆಕ್ಷೇಪ ನನಗೂ ಸರಿಯೆನಿಸಿತು. ಹಾಗಾಗಿ ವಾಕ್ಯವನ್ನು ಮೇಲೆ ಶೀರ್ಷಿಕೆಯಾಗಿ ಇಟ್ಟು, ನಡುವಿನ ಜಾಗವನ್ನು ಚಿತ್ರಕ್ಕೆ ಬಿಟ್ಟುಕೊಟ್ಟೆ. ಕ್ಯೂಆರ್ ಕೋಡ್‌ನ ಉಪಾಯವನ್ನು ಮಾತ್ರ ಹಾಗೆಯೇ ತೆಗೆದುಕೊಂಡೆ.

ಮುದ್ರಣಕ್ಕೆ ಹೋಗುವಾಗ ಎರಡು ದಿನದ ಬಿಡುವು ಇಟ್ಟುಕೊಳ್ಳಬೇಕೆಂಬುದು ನಮ್ಮ ಹಿರಿಯ ವಿದ್ಯಾರ್ಥಿಗಳ ಸಲಹೆಯಾಗಿತ್ತು, ಅದು ಸರಿಯಾದ ಸಲಹೆ. ನಮ್ಮ ಊರುಗಳಲ್ಲಿ ಇಷ್ಟು ದೊಡ್ಡ ಹಾಳೆ ಮುದ್ರಿಸುವವರು ಬ್ಯಾನರ್ ಅಂಗಡಿಯವರೇ. ಪ್ಲಾಸ್ಟಿಕ್‌ನ ಫ್ಲೆಕ್ಸ್ ಅನ್ನು ಕರ್ನಾಟಕ ಸರ್ಕಾರ 2016ರಲ್ಲಿಯೇ ನಿಷೇಧಿಸಿದೆ. ಅದಲ್ಲದೆ ಫ್ಲೆಕ್ಸ್‌ನ ಮೇಲ್ಮೈ ದೀಪದ ಬೆಳಕಿಗೆ ಮಿಂಚಿ ಓದಲು ಅಡ್ಡಿಯಾಗುತ್ತದೆ. ಹೊಳಪಿಲ್ಲದ ದಪ್ಪ ಕಾಗದ ಒಳ್ಳೆಯದು, ದೂರದ ಪ್ರಯಾಣವಿದ್ದರೆ ಮಡಚಿ ಚೀಲದಲ್ಲಿಡಬಹುದಾದ ಬಟ್ಟೆ ಇನ್ನೂ ಅನುಕೂಲ. ನಾನು ಕಾಗದವನ್ನೇ ಆರಿಸಿದೆ, ಏಕೆಂದರೆ ತೆಳುಗೆರೆಗಳು ಅದರಲ್ಲಿ ಸ್ಪಷ್ಟವಾಗಿ ಮೂಡುತ್ತವೆ. ಅಂಗಡಿಯವರಿಗೆ ಪಿಡಿಎಫ್ ಕೊಟ್ಟು, ಚಿತ್ರದ ಭಾಗವನ್ನು ಮಾತ್ರ ಒಂದು ತುಂಡಾಗಿ ಮೊದಲು ಮುದ್ರಿಸಿಕೊಡಿ ಎಂದು ಕೇಳಿದೆ. ಪರದೆಯ ಮೇಲಿನ ನೀಲಿ ಶಾಯಿಗೆ ಬಂದಾಗ ನೇರಳೆಯ ಕಡೆಗೆ ವಾಲಿತ್ತು. ಪರದೆ ಬೆಳಕಿನಿಂದ ಬಣ್ಣ ಕೂಡಿಸುತ್ತದೆ, ಯಂತ್ರ ನಾಲ್ಕು ಶಾಯಿಗಳಿಂದ ಕೂಡಿಸುತ್ತದೆ. ಈ ವ್ಯತ್ಯಾಸ ತಪ್ಪದು. ನೀಲಿಯನ್ನು ತುಸು ತಿಳಿಮಾಡಿಕೊಂಡು ಪೂರ್ತಿ ಮುದ್ರಿಸಿದೆವು.

ಇನ್ನುಳಿದದ್ದು ಮಾತಿನ ಸಿದ್ಧತೆ. ಪೋಸ್ಟರ್ ಮುಗಿದರೆ ಕೆಲಸ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ನನ್ನ ಅನುಭವದಲ್ಲಿ ಅರ್ಧ ಕೆಲಸ ಅಲ್ಲಿಂದ ಶುರುವಾಗುತ್ತದೆ. ಅರ್ಧ ನಿಮಿಷದ ಮಾತು, ಎರಡು ನಿಮಿಷದ ಮಾತು, ಕುಳಿತು ಕೇಳುವವರಿಗಾಗಿ ಐದು ನಿಮಿಷದ ಮಾತು ಎಂದು ಮೂರು ಅಳತೆಗಳಲ್ಲಿ ಸಿದ್ಧಪಡಿಸಿಕೊಂಡೆ. ಮೂರೂ ಫಲಿತಾಂಶದಿಂದಲೇ ಆರಂಭವಾಗುತ್ತಿದ್ದವು. ಅಡಿಕೆ ಬೆಳೆಯ ಮಹತ್ವದಿಂದ ಶುರುಮಾಡಿ ಫಲಿತಾಂಶಕ್ಕೆ ಬರುವ ಹೊತ್ತಿಗೆ ಕೇಳುವವರ ಕಣ್ಣು ಪಕ್ಕದ ಫಲಕಕ್ಕೆ ಹೋಗಿರುತ್ತದೆ. ವಿಭಾಗದ ಓಣಿಯಲ್ಲಿ ಪೋಸ್ಟರ್ ನೇತುಹಾಕಿ, ಕೀಟಶಾಸ್ತ್ರದ ಹಾಗೂ ಮಣ್ಣು ವಿಜ್ಞಾನದ ಗೆಳೆಯರನ್ನು ಕರೆದು ಅವರ ಮುಂದೆ ಮಾತನಾಡಿದೆ. ನಮ್ಮ ವಿಷಯದ ಹೊರಗಿನವರು ಎಲ್ಲಿ ತಡೆದು ಕೇಳುತ್ತಾರೋ ಅಲ್ಲಿಯೇ ವಿವರಣೆ ಸಾಲದೆಂದು ಅರ್ಥ.

ಸಮ್ಮೇಳನ ನಡೆದದ್ದು ಬೆಂಗಳೂರಿನಲ್ಲಿ. ಬೆಳಿಗ್ಗೆಯೇ ಹೋಗಿ, ಗುಂಡುಪಿನ್ನು ಮತ್ತು ಎರಡೂ ಬದಿ ಅಂಟಿರುವ ಟೇಪ್ ಎರಡನ್ನೂ ಒಯ್ದಿದ್ದರಿಂದ, ನನಗೆ ಗೊತ್ತುಮಾಡಿದ್ದ ಸಂಖ್ಯೆಯ ಫಲಕಕ್ಕೆ ಪೋಸ್ಟರನ್ನು ನೆಟ್ಟಗೆ ಹಚ್ಚಿದೆ. ಅಧಿವೇಶನ ಶುರುವಾದ ಮೇಲೆ ಪೋಸ್ಟರ್‌ನ ಮುಂದೆ ನಿಲ್ಲದೆ ಒಂದು ಬದಿಗೆ ನಿಂತೆ. ದೂರದಿಂದ ಬರುವವರಿಗೆ ಶೀರ್ಷಿಕೆ ಮರೆಯಾಗಬಾರದು. ಯಾರಾದರೂ ಬಂದು ಓದಲು ತೊಡಗಿದರೆ ತಕ್ಷಣ ಮಾತಿಗೆ ಇಳಿಯಲಿಲ್ಲ. ಓದುವವರಿಗೆ ತುಸು ಸಮಯ ಕೊಟ್ಟು, ಅವರು ತಲೆಯೆತ್ತಿದಾಗ, "ನೀವು ಯಾವ ಬೆಳೆಯ ಮೇಲೆ ಕೆಲಸ ಮಾಡುತ್ತಿದ್ದೀರಿ ಸರ್?" ಎಂದು ಕೇಳುತ್ತಿದ್ದೆ. ಅವರ ಉತ್ತರದಿಂದ ನನ್ನ ಮಾತು ಎಲ್ಲಿಂದ ಆರಂಭವಾಗಬೇಕೆಂದು ತಿಳಿಯುತ್ತಿತ್ತು. ಕಾಫಿಯ ಮೇಲೆ ಕೆಲಸ ಮಾಡುವವರೊಬ್ಬರು ಬಂದಾಗ, ಕಾಫಿಯಲ್ಲಿ ಕೊಳೆರೋಗ ಎನ್ನುವುದು ಬೇರೆಯೇ ಶಿಲೀಂಧ್ರದಿಂದ ಬರುವ ಎಲೆಯ ರೋಗವಾದ್ದರಿಂದ, ಗೊನೆಯ ಫೋಟೋವನ್ನು ಮೊದಲು ತೋರಿಸಿ ವ್ಯತ್ಯಾಸವನ್ನು ಸ್ಪಷ್ಟಪಡಿಸಿದೆ. ಸಂಖ್ಯಾಶಾಸ್ತ್ರದವರೊಬ್ಬರು ನೇರವಾಗಿ ದೋಷರೇಖೆಗೆ ಬೆರಳಿಟ್ಟರು. ಅವರಿಗೆ ಎ4 ಹಾಳೆಯ ಕೋಷ್ಟಕವನ್ನೇ ಕೊಟ್ಟು, ತೋಟವನ್ನು ಲೆಕ್ಕದ ಏಕಕವಾಗಿ ತೆಗೆದುಕೊಂಡೆವೋ ಮರವನ್ನೋ ಎಂಬ ಅವರ ಪ್ರಶ್ನೆಗೆ ಅದರ ಮೇಲೆಯೇ ಗೆರೆ ಎಳೆದು ಉತ್ತರಿಸಿದೆ. ಮೌಲ್ಯಮಾಪಕರು ಅಂಕಪಟ್ಟಿ ಹಿಡಿದು ಬಂದಾಗ ಎರಡು ನಿಮಿಷದ ಮಾತು ಸಾಕಾಯಿತು.

ಎಲ್ಲಕ್ಕಿಂತ ಬೆಲೆಯುಳ್ಳ ಮಾತುಕತೆ ನಡೆದದ್ದು ನಿವೃತ್ತ ವಿಜ್ಞಾನಿಯೊಬ್ಬರೊಡನೆ. ಅವರು ಬಹಳ ಹೊತ್ತು ಸುಮ್ಮನೆ ಚಿತ್ರವನ್ನೇ ನೋಡಿದರು. ಆಮೇಲೆ, "ಈ ಮಳೆ ಎಲ್ಲಿ ಅಳೆದದ್ದಮ್ಮ?" ಎಂದರು. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕದ ದಾಖಲೆಯೆಂದು ಹೇಳಿದೆ. "ಅದು ಬಯಲಿನಲ್ಲಿ ಇರೋದು. ಮರದ ಕೆಳಗೆ, ಗೊನೆ ಇರೋ ಎತ್ತರದಲ್ಲಿ ಎಷ್ಟು ಹೊತ್ತು ಒದ್ದೆ ಇತ್ತು ಅನ್ನೋದು ಇದರಿಂದ ಗೊತ್ತಾಗುತ್ತಾ? ದಟ್ಟ ತೋಟದಲ್ಲಿ ಮಳೆ ನಿಂತು ಅರ್ಧ ದಿನ ಆದ್ರೂ ಹನಿ ಬೀಳ್ತಾ ಇರುತ್ತೆ." ಅದು ನನ್ನ ಮಾಹಿತಿಯಲ್ಲಿ ಇಲ್ಲ, ಮಳೆಯ ಮೊತ್ತವನ್ನು ಮಾತ್ರ ನೋಡಿದ್ದೇವೆ ಎಂದು ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದೆ. ಅವರು ಗೆರೆಯಿಂದ ದೂರ ಉಳಿದಿದ್ದ ಬಿಂದುಗಳನ್ನು ಒಂದೊಂದಾಗಿ ತೋರಿಸಿ, "ಇವು ಯಾವ ತೋಟ? ಮರ ಒತ್ತಾಗಿವೆಯಾ? ಕಣಿವೆಯಲ್ಲಿ ಇವೆಯಾ?" ಎಂದು ವಿಚಾರಿಸಿದರು. ಮೇಲೆ ಉಳಿದಿದ್ದ ಬಿಂದುಗಳಲ್ಲಿ ಹೆಚ್ಚಿನವು ಕಣಿವೆಯ ದಟ್ಟ ತೋಟಗಳೇ ಆಗಿದ್ದವು. ವರ್ಷಗಟ್ಟಲೆ ನಾನು ಅವುಗಳನ್ನು ಸಹಜ ಏರುಪೇರೆಂದು ನೋಡಿದ್ದೆ. ಅವರ ಕಣ್ಣಿಗೆ ಅವು ಮುಂದಿನ ಪ್ರಶ್ನೆಯಾಗಿ ಕಂಡವು. ಇಂಥ ಪ್ರಶ್ನೆ ಸಭಾಂಗಣದ ಮೈಕಿನಲ್ಲಿ ಬರುವುದಿಲ್ಲ, ಚಿತ್ರದ ಎದುರು ನಿಂತು ಬೆರಳಿಟ್ಟಾಗ ಮಾತ್ರ ಬರುತ್ತದೆ.

ಕೃಷಿಕರ ಪ್ರತಿನಿಧಿಯಾಗಿ ಬಂದಿದ್ದ ಉತ್ತರ ಕನ್ನಡದ ಹಿರಿಯರೊಬ್ಬರು, "ನಮ್ಮ ಅಜ್ಜನ ಕಾಲದಾಗೆ ಔಷಧಿ ಇರ್ಲಿಲ್ಲ, ಗೊನೆಗೆ ಕೊಟ್ಟೆ ಕಟ್ತಿದ್ರು. ಮಳೆ ತಾಗದೇ ಇದ್ರೆ ಕೊಳೆ ಬರ್ತಿರ್ಲಿಲ್ಲ. ನೀವು ಹೇಳೋದೂ ಅದೇ ಅಲ್ವಾ ತಂಗಿ?" ಎಂದರು. ಗೊನೆಗೆ ಹೊದಿಕೆ ಕಟ್ಟುವ ಆ ಹಳೆಯ ಕ್ರಮ ನನ್ನ ಚಿತ್ರದ ಒಂದು ಅಂಚಿಗೆ, ಗೊನೆಯ ಮೇಲೆ ಬೀಳುವ ಮಳೆ ಸೊನ್ನೆಗೆ ಹತ್ತಿರವಾದ ಸ್ಥಿತಿಗೆ, ಎಷ್ಟು ಸರಿಯಾಗಿ ಹೊಂದುತ್ತದೆಂದರೆ, ಆಮೇಲೆ ಬಂದವರಿಗೆಲ್ಲ ನಾನು ಅದನ್ನೇ ಉದಾಹರಣೆಯಾಗಿ ಹೇಳಿದೆ.

ಪ್ರತಿ ಮಾತುಕತೆ ಮುಗಿದ ಕೂಡಲೇ ಬಂದವರ ವಿಷಯ ಮತ್ತು ಕೇಳಿದ ಪ್ರಶ್ನೆಯನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಸಂಜೆಯ ಹೊತ್ತಿಗೆ ಯಾರು ಏನು ಕೇಳಿದರು ಎಂಬುದು ಕಲಸಿಹೋಗುತ್ತದೆ, ಆದ್ದರಿಂದ ಈ ಅಭ್ಯಾಸ ಎಲ್ಲರಿಗೂ ಬೇಕು. ಊರಿಗೆ ಮರಳಿದ ವಾರದಲ್ಲಿಯೇ ಕೋಷ್ಟಕ ಕೇಳಿದವರಿಗೆ ಕೋಷ್ಟಕ, ಚಿತ್ರ ಕೇಳಿದವರಿಗೆ ಚಿತ್ರ ಕಳುಹಿಸಿದೆ. ಮಾರ್ಗದರ್ಶಕರ ಒಪ್ಪಿಗೆ ಪಡೆದು ಪೋಸ್ಟರ್‌ನ ಪ್ರತಿಯನ್ನು ಝೆನೋಡೊ ಸಂಗ್ರಹದಲ್ಲಿರಿಸಿದೆ. ಯೂರೋಪಿನ ಸರ್ನ್ ಸಂಸ್ಥೆ ನಡೆಸುವ ಈ ಉಚಿತ ಸಂಗ್ರಹದಲ್ಲಿ ಇಟ್ಟರೆ ಶಾಶ್ವತವಾದ ಗುರುತು ಸಂಖ್ಯೆ ಸಿಗುತ್ತದೆ, ಬೇರೆಯವರು ಅದನ್ನು ಉಲ್ಲೇಖಿಸಬಹುದು. ಗೋಡೆಯಿಂದ ಇಳಿಸಿದ ಮೇಲೆ ಸುರುಳಿ ಸುತ್ತಿ ಕಪಾಟಿನ ಮೇಲೆ ಇಟ್ಟುಬಿಡುವುದಕ್ಕಾಗಿ ಇಷ್ಟು ಶ್ರಮಪಡಬೇಕಿಲ್ಲ.

ನಂತರ ಅದೇ ಪೋಸ್ಟರನ್ನು ತೋಟದವರಿಗಾಗಿ ಕನ್ನಡದಲ್ಲಿ ಮಾಡಿದೆ. ವಾಕ್ಯಗಳನ್ನು ಕನ್ನಡಕ್ಕೆ ತಿರುಗಿಸಿದರೆ ಮುಗಿಯಿತೆಂದು ತಿಳಿದಿದ್ದವರು ಕುಳಿತು ನೋಡಬೇಕು, ಎಲ್ಲವೂ ಬದಲಾಗುತ್ತದೆ. ವಿಜ್ಞಾನಿಗಳಿಗೆ ಬೇಕಾಗಿದ್ದ ದೋಷರೇಖೆಯ ಜಾಗದಲ್ಲಿ ಇಲ್ಲಿ ಬೇಕಾದದ್ದು, ಮಳೆ ಎಷ್ಟು ಬಿದ್ದ ಮೇಲೆ ಏನು ಮಾಡಬೇಕು, ಉದುರಿದ ಕಾಯಿಯನ್ನು ತೋಟದಲ್ಲಿ ಬಿಡದೆ ಆರಿಸಿ ಹೊರಹಾಕುವುದು ಏಕೆ ಮುಖ್ಯ, ದ್ರಾವಣವನ್ನು ಅಂದೇ ತಯಾರಿಸಿ ಅಂದೇ ಏಕೆ ಬಳಸಬೇಕು ಎಂಬ ವಿವರಗಳು. ಮುದ್ರಣದಲ್ಲಿಯೂ ಎಚ್ಚರ ಬೇಕಾಯಿತು. ನಾನು ಯೂನಿಕೋಡ್‌ನಲ್ಲಿ ಬರೆದಿದ್ದೆ, ಅಂಗಡಿಯ ಕಂಪ್ಯೂಟರಿನಲ್ಲಿ ಇದ್ದದ್ದು ನುಡಿ ತಂತ್ರಾಂಶದ ಹಳೆಯ ಅಕ್ಷರಗಳು; ವಿನ್ಯಾಸದ ತಂತ್ರಾಂಶವಾದ ಕೋರೆಲ್‌ಡ್ರಾದಲ್ಲಿ ತೆರೆದ ಕೂಡಲೇ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಂತವು. ಅಕ್ಷರಗಳನ್ನೆಲ್ಲ ರೇಖಾರೂಪಕ್ಕೆ ಪರಿವರ್ತಿಸಿ ಪಿಡಿಎಫ್ ಕೊಟ್ಟ ಮೇಲೆ ಎಲ್ಲವೂ ಸರಿಯಾಯಿತು. ಕನ್ನಡದಲ್ಲಿ ಪೋಸ್ಟರ್ ಮಾಡುವ ಪ್ರತಿಯೊಬ್ಬರೂ ಇದನ್ನು ತಪ್ಪದೆ ಮಾಡಬೇಕು, ಮುದ್ರಣಕ್ಕೆ ಮೊದಲು ಅಂಗಡಿಯ ಪರದೆಯ ಮೇಲೆಯೇ ಸಾಲುಸಾಲಾಗಿ ಓದಿ ನೋಡಬೇಕು.

ನಿವೃತ್ತ ವಿಜ್ಞಾನಿಗಳ ಪ್ರಶ್ನೆಯನ್ನು ಹಿಡಿದು ಮುಂದಿನ ಮಳೆಗಾಲಕ್ಕೆ ಕಣಿವೆಯ ದಟ್ಟ ತೋಟಗಳಲ್ಲಿಯೂ ತೆರೆದ ತೋಟಗಳಲ್ಲಿಯೂ ಗೊನೆಯ ಎತ್ತರದಲ್ಲಿ ತೇವದ ಅವಧಿಯನ್ನು ದಾಖಲಿಸುವ ಸಂವೇದಕಗಳನ್ನು ಕಟ್ಟಿದ್ದೇವೆ. ಅದರ ಮಾಹಿತಿ ಬಂದ ಮೇಲೆ ಆ ಚಿತ್ರದ ಅಡ್ಡ ಅಕ್ಷ ಮತ್ತೊಮ್ಮೆ ಬದಲಾಗಬಹುದು. ಆ ಫಲಿತಾಂಶವನ್ನೂ ಮೊದಲು ಪೋಸ್ಟರ್ ಆಗಿಯೇ ಮಂಡಿಸುತ್ತೇನೆಂದು ಮಾರ್ಗದರ್ಶಕರಿಗೆ ಹೇಳಿದ್ದೇನೆ, ಅವರು ಒಪ್ಪಿದ್ದಾರೆ.